ಸುಬೇದಾರ್ ಅಂಕಲ್ ಸಹಿ ಹಾಕಲಿಲ್ಲ

ನಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ‘ಅಫಿಡವಿಟ್ ಫೈನಲ್ ಹೊಸದು 2’ ಅಂತ ಒಂದು ಫೈಲಿದೆ. ಮೊದಲು ಯಾರು ಟೈಪ್ ಮಾಡಿದರೋ, ನಾನು ಕೆಲಸಕ್ಕೆ ಸೇರುವ ಮುಂಚಿನಿಂದಲೂ ಇದೆ. ಹೆಸರು, ತಂದೆಯ ಹೆಸರು, ವಯಸ್ಸು, ವಾಸ ಬದಲಾಯಿಸಿದರೆ ಮುಗಿಯಿತು. ರೇಷನ್ ಕಾರ್ಡಿಗೂ ಅದೇ, ಮಾರ್ಕ್ಸ್ ಕಾರ್ಡ್ ಕಳೆದವರಿಗೂ ಅದೇ, ಮಿಲಿಟ್ರಿ ಪಿಂಚಣಿಗೂ ಅದೇ. ‘ಪ್ರಮಾಣಪೂರ್ವಕವಾಗಿ ಹೇಳುವುದೇನೆಂದರೆ’ ಅನ್ನುವ ಸಾಲು ನಮ್ಮ ಪ್ರಿಂಟರಿಗೇ ಬಾಯಿಪಾಠ ಆಗಿರಬೇಕು.

ವಿರಾಜಪೇಟೆಯಲ್ಲಿ ನೋಟರಿ ಆಫೀಸಿನ ಟೈಪಿಸ್ಟ್ ಅಂದರೆ ಅರ್ಧ ದಿನ ಜಮ್ಮಾ ಜಾಗದ (ಕೊಡಗಿನ ವಂಶಪಾರಂಪರ್ಯ ಜಮೀನಿನ) ಜಗಳ, ಇನ್ನರ್ಧ ದಿನ ಫೌಜಿಗಳ ಕಾಗದ. ಫೌಜಿಗಳದ್ದು ಬಹುಪಾಲು ಹೆಸರಿನ ತಕರಾರು. ಭರ್ತಿಯಾದ ದಿನ ಯಾವನೋ ಕ್ಲರ್ಕ್ ಮನೆಹೆಸರನ್ನು ಹಿಂದೆ ಬರೆದಿರುತ್ತಾನೆ, ಆಧಾರಿನಲ್ಲಿ ಅದು ಮುಂದೆ ಇರುತ್ತದೆ, ಬ್ಯಾಂಕಿನಲ್ಲಿ ಬರೀ ಇನಿಶಿಯಲ್. ಬೆಟ್ಟದ ಮೇಲೆ ಗುಂಡಿಗೆ ಎದೆಕೊಟ್ಟು ನಿಂತ ಮನುಷ್ಯ ಎಪ್ಪತ್ತರ ವಯಸ್ಸಿನಲ್ಲಿ ‘ಈ ಮೂವರೂ ನಾನೇ’ ಅಂತ ನೂರು ರೂಪಾಯಿ ಇ-ಸ್ಟಾಂಪಿನ ಮೇಲೆ ಬರೆದುಕೊಡಬೇಕು.

ಅವತ್ತು ಬಂದಿದ್ದು ಹೆಸರಿನ ಕೇಸಲ್ಲ. ಗೋಣಿಕೊಪ್ಪ ಕಡೆಯ ಒಬ್ಬರು ಅಕ್ಕ. ಅಪ್ಪ ಹವಾಲ್ದಾರ್ ಆಗಿ ನಿವೃತ್ತಿಯಾದವರು, ತೀರಿಕೊಂಡು ತುಂಬಾ ವರ್ಷ ಆಗಿದೆ. ಫ್ಯಾಮಿಲಿ ಪೆನ್ಶನ್ ತಾಯಿಗೆ ಬರುತ್ತಿತ್ತು. ಈಗ ತಾಯಿಯೂ ಇಲ್ಲ. ಅಕ್ಕ ಗಂಡನನ್ನು ಕಳೆದುಕೊಂಡು ತಾಯಿ ಇದ್ದಾಗಲೇ ತವರಿಗೆ ಬಂದವರು, ಹಾಗಾಗಿ ವಿಧವಾ ಮಗಳ ಲೆಕ್ಕದಲ್ಲಿ ಪಿಂಚಣಿ ಕೇಳಬಹುದು. ಅದಕ್ಕೆ ಅವರದ್ದೊಂದು ಅಫಿಡವಿಟ್, ಕುಟುಂಬವನ್ನು ಬಲ್ಲವರದ್ದೊಂದು. ಬಲ್ಲವರು ಅಂದರೆ ಅವರಪ್ಪನ ಜೊತೆ ಸೇನೆಯ ಒಂದೇ ತುಕಡಿಯಲ್ಲಿದ್ದ ಸುಬೇದಾರ್ ಅಂಕಲ್.

ಆಗಸ್ಟಿನ ಮಳೆ, ಕರೆಂಟು ಹೋಗಿ ಬಂದು ಮಾಡುತ್ತಿತ್ತು, ಯುಪಿಎಸ್ ಕುಯ್ಯೋ ಅನ್ನುತ್ತಿತ್ತು. ಬಾಸ್ ಹನ್ನೆರಡಕ್ಕೆ ಮಡಿಕೇರಿ ಕೋರ್ಟಿನಲ್ಲಿ ಇರಬೇಕು. ರಿಜಿಸ್ಟರ್ ತೆರೆದು, ಸೀಲು ಪಕ್ಕದಲ್ಲಿಟ್ಟುಕೊಂಡು, ಬೈಕಿನ ರೇನ್‌ಕೋಟ್ ಆಗಲೇ ಹಾಕಿಕೊಂಡು ಕೂತಿದ್ದರು. ಅಕ್ಕ ಓದದೆ ಸಹಿ ಹಾಕಿದರು, ಎಲ್ಲರೂ ಹಾಕುವ ಹಾಗೆ. ಅಂಕಲ್ ಕನ್ನಡಕದ ಡಬ್ಬಿ ತೆಗೆದರು, ಗಾಜು ಒರೆಸಿದರು, ಸಾಲಿನ ಕೆಳಗೆ ಬೆರಳಿಟ್ಟು ಓದಲು ಶುರುಮಾಡಿದರು. ಒಂದನೇ ಪ್ಯಾರಾ ಆಯಿತು. ಎರಡನೇದು ಆಯಿತು. ಮೂರನೇದರ ಮೇಲೆ ಬೆರಳು ನಿಂತಿತು. ‘ಮೃತರಿಗೆ ಮೇಲ್ಕಂಡ ಮಗಳು ಮತ್ತು ಮಗನನ್ನು ಬಿಟ್ಟರೆ ಬೇರೆ ಯಾರೂ ವಾರಸುದಾರರು ಇರುವುದಿಲ್ಲ.’

“ಇದು ನನಗೆ ಆಗಲ್ಲ.”

“ಅಂಕಲ್, ಬರೀ ಫಾರ್ಮಾಲಿಟಿ. ಎಲ್ಲರದ್ದರಲ್ಲೂ ಇರುತ್ತೆ.”

“ಫಾರ್ಮಾಲಿಟಿಗೆ ನಾನ್ಯಾಕಮ್ಮ? ನಿಮ್ಮ ಬಾಸೇ ಹಾಕ್ಲಿ.”

ಯಾಕೆ ಆಗಲ್ಲ ಅಂದರೆ ಉತ್ತರವಿಲ್ಲ. ಗೊತ್ತಿಲ್ಲ ಅಂತಲೂ ಅನ್ನಲಿಲ್ಲ, ಸುಳ್ಳು ಅಂತಲೂ ಅನ್ನಲಿಲ್ಲ. ಪೆನ್ನನ್ನು ಕ್ಯಾಪ್ ಹಾಕಿ ಟೇಬಲ್ ಮೇಲಿಟ್ಟರು. ಬಾಸ್ ಗಡಿಯಾರ ನೋಡಿದರು. ಅಕ್ಕನ ಮುಖ ಸಪ್ಪಗಾಯಿತು. ಸಾಕ್ಷಿಗೆ ಅಂತ ಬಂದವರು ಕೊನೇ ಗಳಿಗೆಯಲ್ಲಿ ಕೊಸರಾಡುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಅದರ ಅರ್ಥವೂ ಸಾಮಾನ್ಯವಾಗಿ ಒಂದೇ. ಅಕ್ಕನ ಕಿವಿಯ ಹತ್ತಿರ ಬಗ್ಗಿ, “ಮಿಲಿಟ್ರಿ ಕ್ಯಾಂಟೀನಿನ ರಮ್ ಬಾಟಲಿ ಏನಾದ್ರೂ ಕೊಡೋಕೆ ಹೇಳಿದ್ರಾ?” ಅಂದೆ. ಅಂಕಲ್ ಕಿವಿಯಲ್ಲಿ ಮಷಿನ್ ಇತ್ತು, ಕೇಳಿಸಲ್ಲ ಅಂತ ಧೈರ್ಯ.

“ನನಗೇ ಕೋಟಾ ಇದೆಯಮ್ಮ,” ಅಂದರು, ಕಾಗದದಿಂದ ತಲೆ ಎತ್ತದೆ.

ಇವತ್ತಿಗೂ ಆ ಕುರ್ಚಿ ನೋಡಿದರೆ ನನಗೆ ಕಸಿವಿಸಿ. ಬಾಸ್ ಮಾತ್ರ ಅಲ್ಲಾಡಲಿಲ್ಲ. “ಕೆಳಗಿನ ಟೀ ಅಂಗಡಿಯವನನ್ನ ಕರಿ, ಅವನ ಆಧಾರ್ ನಮ್ಮ ಹತ್ರನೇ ಇದೆ,” ಅಂದರು. ಇದೇ ಬಾಸ್ ಪ್ರತಿ ಜನವರಿ 15ಕ್ಕೆ ಗೋಡೆಯ ಮೇಲಿನ, ನಮ್ಮ ಸೇನೆಯ ಮೊದಲ ಭಾರತೀಯ ಮುಖ್ಯಸ್ಥ ಕಾರ್ಯಪ್ಪನವರ ಫೋಟೋಗೆ ಹಾರ ಹಾಕಿ, ಬಂದ ಕಕ್ಷಿದಾರರಿಗೆಲ್ಲ 1965ರ ಕಥೆ ಹೇಳುವವರು. ಕಾರ್ಯಪ್ಪನವರ ಮಗ ವಾಯುಪಡೆಯ ಪೈಲಟ್, ಪಾಕಿಸ್ತಾನದಲ್ಲಿ ಸೆರೆಸಿಕ್ಕಿದ. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ವಿಭಜನೆಗೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ಇದ್ದವರು, ಮಗನನ್ನು ಬಿಡುತ್ತೇವೆ ಅಂದರೂ ಇವರು ಒಪ್ಪಲಿಲ್ಲ, ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ ಅಂದರು. ಹೇಳುವಾಗ ಬಾಸ್ ಕಣ್ಣು ಒದ್ದೆಯಾಗುತ್ತದೆ. ಆಮೇಲೆ ಟೀ ಅಂಗಡಿಯವನನ್ನು ಕರೆಸಿ ಯಾರದ್ದೋ ವಂಶವೃಕ್ಷಕ್ಕೆ ಸಹಿ ಹಾಕಿಸುತ್ತಾರೆ.

ನಾನು ಮೆಟ್ಟಿಲ ಕಡೆ ಹೊರಟಿದ್ದೆ. ಅಂಕಲ್ ತಡೆದರು. “ನಿನ್ನಪ್ಪ ಮದ್ರಾಸ್ ರೆಜಿಮೆಂಟ್ ಅಲ್ವಾ? ಕಸಂ ಪರೇಡ್ ಬಗ್ಗೆ ಏನೂ ಹೇಳಿಲ್ವಾ ನಿನಗೆ?”

ಹೇಳಿದ್ದರು. ಸಿಪಾಯಿಗಳು ಪ್ರಮಾಣ ತೆಗೆದುಕೊಳ್ಳುವ ಪರೇಡ್ ಅದು, ಅಪ್ಪ ಹೇಳುತ್ತಿದ್ದುದೇ ಅದೊಂದು. ಐಪಿಕೆಎಫ್ (ಭಾರತೀಯ ಶಾಂತಿಪಾಲನಾ ಪಡೆ) ಜೊತೆ ಶ್ರೀಲಂಕಾಗೆ ಹೋಗಿ ಬಂದವರು, ಅಲ್ಲಿಯದನ್ನು ಬಾಯಿಬಿಟ್ಟವರಲ್ಲ. ಕೇಳಿದರೆ ಎದ್ದು ದನದ ಕೊಟ್ಟಿಗೆಗೆ ಹೋಗುತ್ತಿದ್ದರು. ಆದರೆ ವೆಲ್ಲಿಂಗ್ಟನ್ನಿನ ಆ ಬೆಳಗ್ಗೆ ಮಾತ್ರ ಅವರಿಗೆ ಬೂಟಿನ ಪಾಲಿಶಿನ ಸಮೇತ ನೆನಪು. ನೀಲಗಿರಿಯ ಚಳಿ, ಮೈದಾನದಲ್ಲಿ ಮಂಜು, ಮುಂದೆ ಧ್ವಜ, ಧರ್ಮಗುರುಗಳ ಕೈಯಲ್ಲಿ ಗೀತೆ, ಬೈಬಲ್, ಕುರಾನ್, ಅವರವರಿಗೆ ಅವರವರದ್ದು. ಸಂವಿಧಾನಕ್ಕೆ ನಿಷ್ಠೆ, ನೆಲ ಜಲ ವಾಯು ಯಾವ ಮಾರ್ಗದಲ್ಲಿ ಎಲ್ಲಿಗೆ ಕಳಿಸಿದರೂ ಹೋಗುತ್ತೇನೆ, ಜೀವಕ್ಕೆ ಅಪಾಯ ಇದ್ದರೂ ಮೇಲಿನವರ ಆಜ್ಞೆ ಪಾಲಿಸುತ್ತೇನೆ. ಹಡಗಿನಲ್ಲಿ ಲಂಕೆಗೆ ಹೋಗುವಾಗ ವಾಂತಿ ಮಾಡಿಕೊಳ್ಳುತ್ತಾ, ಜಲಮಾರ್ಗ ಅಂತ ಯಾಕಾದರೂ ಹೇಳಿದೆನೋ ಅಂದುಕೊಂಡರಂತೆ. ಇನ್ನೊಂದು ಮಾತು ಹೇಳುತ್ತಿದ್ದರು. ಆ ಪ್ರಮಾಣದಲ್ಲಿ ಗೆಲ್ಲುತ್ತೇನೆ ಅಂತ ಎಲ್ಲೂ ಇಲ್ಲ, ಹೋಗುತ್ತೇನೆ ಅಂತ ಮಾತ್ರ ಇದೆ. ನಮ್ಮ ಕೈಯಲ್ಲಿ ಇರೋದಷ್ಟನ್ನೇ ಹೇಳಿಸಿದ್ದಾರೆ, ಅದಕ್ಕೇ ತಪ್ಪಿಸೋಕೆ ದಾರಿಯಿಲ್ಲ ಅಂತ.

ಇಷ್ಟೆಲ್ಲ ಗೊತ್ತಿದ್ದ ನಾನು ‘ಬೇರೆ ಯಾರೂ ಇರುವುದಿಲ್ಲ’ ಅಂತ ದಿನಾ ಕಂಡವರ ಬಾಯಲ್ಲಿ ಹೇಳಿಸುತ್ತಿದ್ದೆ.

“ಹೇಳಿದ್ದಾರೆ ಅಂಕಲ್,” ಅಂದೆ.

“ಡಿಸ್ಚಾರ್ಜ್ ಬುಕ್ ಪೂರ್ತಿ ನೋಡಿದ್ಯಾ?”

ನಿವೃತ್ತಿಯಾಗುವಾಗ ಸೇನೆ ಕೊಡುವ ಆ ದಾಖಲೆ ಪುಸ್ತಕವನ್ನು ನಾವು ಯಾರೂ ಪೂರ್ತಿ ನೋಡುವುದಿಲ್ಲ. ನಂಬರು, ರ‍್ಯಾಂಕು, ಹೆಸರು, ಹುಟ್ಟಿದ ದಿನ, ಅಷ್ಟೇ ಬೇಕಾಗುವುದು. ಬುಕ್ ಅಕ್ಕನ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು. ಕೊಡಗಿನ ತೇವಕ್ಕೆ ಹಾಳೆಗಳು ಒಂದಕ್ಕೊಂದು ಅಂಟಿದ್ದವು, ಉಗುರಿನಿಂದ ಬಿಡಿಸಿದೆ. ಕುಟುಂಬದ ವಿವರದ ಪುಟ. ಮೇಲೆ ಒಬ್ಬ ಹೆಂಡತಿಯ ಹೆಸರು, ಅದಕ್ಕೆ ಕೆಂಪು ಶಾಯಿಯ ಗೆರೆ, ಪಕ್ಕದಲ್ಲಿ ಮರಣದ ತಾರೀಕು. ಕೆಳಗೆ ಒಂದು ಹೆಣ್ಣುಮಗುವಿನ ಹೆಸರು. ಆ ಹೆಸರಿಗೆ ಗೆರೆ ಇರಲಿಲ್ಲ. ಅದರ ಕೆಳಗೆ ಎರಡನೇ ಹೆಂಡತಿ, ಅಂದರೆ ಅಕ್ಕನ ತಾಯಿ, ಆಮೇಲೆ ಅಕ್ಕ, ತಮ್ಮ.

ಅಕ್ಕ ಎದುರಿಗೇ ಕೂತಿದ್ದಾರೆ. ಅವರಿಗೆ ಗೊತ್ತಿದೆಯೋ ಇಲ್ಲವೋ ತಿಳಿಯದು. ಪುಟ ಮುಚ್ಚಿದರೆ ಟೀ ಅಂಗಡಿಯವನ ಸಹಿ ಬೀಳುತ್ತದೆ, ಬಾಸ್ ಮಡಿಕೇರಿಗೆ ಹೋಗುತ್ತಾರೆ, ಕೆಲಸ ಮುಗಿಯುತ್ತದೆ. ತೆರೆದರೆ ಒಂದು ಮನೆಯೊಳಗೆ ಕೈಹಾಕಿದ ಹಾಗೆ. ಅಂಕಲ್ ಕಿಟಕಿಯ ಕಡೆ ತಿರುಗಿ ಕೂತುಬಿಟ್ಟಿದ್ದರು. ಬಾಸ್ “ಏನಾಯ್ತು?” ಅಂದರು. “ಸರ್ವರ್ ಡೌನ್ ಸಾರ್,” ಅಂದೆ. ನೋಟರಿ ಕೆಲಸಕ್ಕೆ ಯಾವ ಸರ್ವರೂ ಬೇಕಿಲ್ಲ, ಆದರೂ ಆ ಮಾತಿಗೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಬಾಸ್ ಬೈಯುತ್ತಾ ಬೈಕ್ ಹತ್ತಿದರು. ಅವರು ಹೋದ ಮೇಲೆ ಬುಕ್ಕನ್ನು ಅಕ್ಕನ ಕಡೆ ತಿರುಗಿಸಿದೆ.

ಅವರು ಓದಿದರು. ತುಂಬಾ ಹೊತ್ತು ಆ ಪುಟವನ್ನೇ ನೋಡಿದರು. “ಇವರು ಎಲ್ಲಿದ್ದಾರೆ?” ಅಂತ ಅಂಕಲ್‌ಗೆ ಕೇಳಿದರು.

“ಪಿರಿಯಾಪಟ್ಟಣದ ಹತ್ರ. ಅಜ್ಜಿ ಮನೇಲೇ ಬೆಳೆದವಳು.” ಆಮೇಲೆ ನನ್ನ ಕಡೆ ನೋಡಿ, “ನೀನೇ ಓದಿದೆ. ನಾನು ಹೇಳಲಿಲ್ಲ,” ಅಂದರು.

ಟೀ ಕುಡಿಯುವಾಗ ಒಂದಿಷ್ಟು ಬಾಯಿಬಿಟ್ಟರು. ಸಿಕ್ಕಿಂನಲ್ಲಿ ಇಬ್ಬರೂ ಒಂದೇ ಪೋಸ್ಟಿನಲ್ಲಿದ್ದಾಗ ಅಕ್ಕನ ಅಪ್ಪ ಕಾವೇರಮ್ಮನ ಮೇಲೆ ಆಣೆ ಹಾಕಿಸಿಕೊಂಡಿದ್ದರಂತೆ, ಮನೆಯಲ್ಲಿ ಹೇಳಬಾರದು ಅಂತ. ಎಲ್ಲಿಯವರೆಗೆ ಅಂತ ಹೇಳಿರಲಿಲ್ಲ. ಅವರೂ ಹೋದರು, ಹೆಂಡತಿಯೂ ಹೋದರು, ಆಣೆ ಮಾತ್ರ ಇವರ ತಲೆಯ ಮೇಲೇ ಉಳಿಯಿತು. ಅಲ್ಲಿ ಹೇಳುವ ಹಾಗಿಲ್ಲ, ಇಲ್ಲಿ ಸಹಿ ಹಾಕುವ ಹಾಗಿಲ್ಲ. ನಾನು ರಮ್ಮಿನ ಬಾಟಲಿ ಅಂದುಕೊಂಡಿದ್ದು ಇದನ್ನು.

ಕೆಲಸದ ದೃಷ್ಟಿಯಿಂದ ಹೇಳುವುದಾದರೆ, ಹೆಣ್ಣುಮಕ್ಕಳಿಗೆ ಫ್ಯಾಮಿಲಿ ಪೆನ್ಶನ್ ಹೋಗುವುದು ಹುಟ್ಟಿದ ಕ್ರಮದಲ್ಲಿ. ಹಿರಿಯವಳು ಅರ್ಹಳಿದ್ದರೆ ಕಿರಿಯವಳಿಗೆ ಇಲ್ಲ. ಸೇನೆಯ ರೆಕಾರ್ಡ್ ಆಫೀಸಿನ ಕಡತದಲ್ಲೂ ಆ ಮಗುವಿನ ಹೆಸರು ಇದ್ದೇ ಇರುತ್ತದೆ. ನಾವು ‘ಯಾರೂ ಇಲ್ಲ’ ಅಂತ ಕಳಿಸಿದ್ದರೆ ಫೈಲ್ ವಾಪಸ್ ಬರುತ್ತಿದ್ದುದಷ್ಟೇ ಅಲ್ಲ, ಸುಳ್ಳು ಪ್ರಮಾಣಕ್ಕೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸೆಕ್ಷನ್ 229 ಇದೆ, ಅದು ಟೀ ಅಂಗಡಿಯವನ ಕುತ್ತಿಗೆಗೂ ಬರುತ್ತಿತ್ತು. ಪಿರಿಯಾಪಟ್ಟಣದ ಹಿರಿಯಕ್ಕನ ಗಂಡ ಇದ್ದಾರೆ, ಹಾಗಾಗಿ ಅವರಿಗೆ ಈ ಪಿಂಚಣಿ ಬರುವುದಿಲ್ಲ. ಅವರ ಹೆಸರು ಸೇರಿಸಿ, ವಿವಾಹಿತೆ ಅಂತ ಬರೆದು, ಹೊಸ ಇ-ಸ್ಟಾಂಪ್ ತೆಗೆದು ಕಳಿಸಿದೆವು. ಈ ಸಲ ಅಂಕಲ್ ಮೂರನೇ ಪ್ಯಾರಾ ಎರಡು ಸಲ ಓದಿ ಸಹಿ ಹಾಕಿದರು. ಹಾಳಾದ ಸ್ಟಾಂಪಿನ ನೂರು ರೂಪಾಯಿ ನನ್ನ ಸಂಬಳದಲ್ಲಿ ಹಿಡಿದರು, ಅದು ಬೇರೆ ಮಾತು.

ಆ ಫೈಲಿನ ಮೂರನೇ ಪ್ಯಾರಾ ಅಳಿಸಿದ್ದೇನೆ. ಫೌಜಿ ಕೇಸು ಬಂದರೆ ಡಿಸ್ಚಾರ್ಜ್ ಬುಕ್ಕಿನ ಕುಟುಂಬದ ಪುಟ ನೋಡಿಯೇ ಟೈಪ್ ಮಾಡುತ್ತೇನೆ. ಒಂದೊಂದು ಕಾಗದಕ್ಕೆ ಮೊದಲಿನ ಎರಡರಷ್ಟು ಹೊತ್ತು ಹಿಡಿಯುತ್ತದೆ, ಹೊರಗೆ ಕ್ಯೂ ಬೆಳೆಯುತ್ತದೆ, ಬಾಸ್ ಗೊಣಗುತ್ತಾರೆ. ಹೋದ ವಾರ ಅಂಕಲ್ ತಮ್ಮದೇ ಜಾಗದ ಕೆಲಸಕ್ಕೆ ಬಂದಿದ್ದರು. ನಾಲ್ಕು ಪುಟದ ಕರಾರು, ಬೆರಳಿಟ್ಟು ಓದಲು ಶುರುಮಾಡಿದರು. ಹಿಂದೆ ನಿಂತವರು ಕೂಗಾಡಿದರು. ಬಾಸ್ ನನ್ನನ್ನು ಒಳಗೆ ಕರೆದು, “ಇನ್ಮೇಲೆ ಅವರಿಗೆ ಶನಿವಾರನೇ ಬರೋಕೆ ಹೇಳು, ರಶ್ ಇರಲ್ಲ,” ಅಂದರು.