ದೋಣಿಯಲ್ಲಿ ಮಾತ್ರ ತಲುಪುವ ದಡ: ರಾಸ್ ಸರೋವರದಲ್ಲಿ ಕ್ಯಾಂಪಿಂಗ್

ವಾಷಿಂಗ್ಟನ್ ರಾಜ್ಯದ ಉತ್ತರ ತುದಿಯಲ್ಲಿರುವ ರಾಸ್ ಸರೋವರಕ್ಕೆ ಅಮೆರಿಕದ ಕಡೆಯಿಂದ ಕಾರು ಹೋಗುವ ದಾರಿಯೇ ಇಲ್ಲ. ಕೆನಡಾದಿಂದ ಒಂದು ಜಲ್ಲಿರಸ್ತೆ ಸರೋವರದ ಉತ್ತರದ ತುದಿಗೆ ಬರುತ್ತದೆ, ಅಷ್ಟೇ. ದಕ್ಷಿಣದಿಂದ ಹೋಗುವವರು ಹೈವೇ 20ರ ಪಕ್ಕ ಗಾಡಿ ನಿಲ್ಲಿಸಬೇಕು. ಸುಮಾರು ಒಂದು ಮೈಲಿ ಕಾಡಿನ ಇಳಿಜಾರಿನಲ್ಲಿ ನಡೆಯಬೇಕು. ಆಮೇಲೆ ದೋಣಿ. ಟೆಂಟ್, ಅಡುಗೆ ಒಲೆ, ಊಟದ ಸಾಮಾನು ಎಲ್ಲವೂ ಬೆನ್ನ ಮೇಲೆ. ಹೀಗಾಗಿ ಯಾವುದು ಬೇಕು, ಯಾವುದು ಬೇಡ ಅನ್ನುವುದು ಮನೆಯಲ್ಲೇ ತೀರ್ಮಾನವಾಗಿಬಿಡುತ್ತದೆ. ಮಗಳು ತನ್ನ ಬಣ್ಣದ ಪೆನ್ಸಿಲ್ ಡಬ್ಬಿಗೆ ಹಟ ಹಿಡಿದಳು. ಸರಿ, ನೀನೇ ಹೊತ್ತುಕೋ ಅಂದೆವು. ಹೊತ್ತುಕೊಂಡಳು.

ಹೋಗುವ ಮುಂಚೆ ಪರ್ಮಿಟ್ ಬೇಕು. ಸರೋವರದ ದಡದಲ್ಲಿ ಸಿಕ್ಕ ಸಿಕ್ಕ ಕಡೆ ಟೆಂಟ್ ಹಾಕುವ ಹಾಗಿಲ್ಲ. ಗೊತ್ತುಮಾಡಿದ ಕ್ಯಾಂಪ್‌ಗಳಿವೆ. ಯಾವ ರಾತ್ರಿ ಯಾವ ಕ್ಯಾಂಪ್ ಅಂತ ಮೊದಲೇ ಬರೆಸಬೇಕು. ಹೈವೇ 20ರಲ್ಲೇ ಸಿಗುವ ಮಾರ್ಬಲ್‌ಮೌಂಟ್ ಎಂಬ ಪುಟ್ಟ ಊರಿನಲ್ಲಿ ಇದಕ್ಕೊಂದು ಕಚೇರಿ ಇದೆ. ಅಲ್ಲಿನ ರೇಂಜರ್ ನಮಗೆ ಎರಡು ವಿಷಯ ಒತ್ತಿ ಹೇಳಿದರು. ಕರಡಿಗೆ ಆಹಾರ ಸಿಗಬಾರದು. ಮಧ್ಯಾಹ್ನದ ಗಾಳಿಯನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಇಳಿಜಾರು ಮುಗಿದು ನೀರಿನ ಹತ್ತಿರ ಬಂದಾಗ ಎದುರು ದಡದಲ್ಲಿ ರೆಸಾರ್ಟಿನ ಮನೆಗಳು ಕಂಡವು. ಅವು ದಿಮ್ಮಿಗಳ ಮೇಲೆ ತೇಲುವ ಮನೆಗಳು. ನಮ್ಮ ದೋಣಿಯೂ ಅವರದ್ದೇ. ದೋಣಿ ನಡೆಸುವ ಹುಡುಗಿ ಸಾಮಾನು ಎತ್ತಿಡಲು ಕೈಜೋಡಿಸಿದಳು. ಲೈಫ್ ಜಾಕೆಟ್ ಸರಿಯಾಗಿ ಬಿಗಿದಿದೆಯಾ ಅಂತ ಮಗಳದ್ದನ್ನು ಎಳೆದು ನೋಡಿದಳು.

ಈ ಸರೋವರ ತಾನಾಗಿ ಹುಟ್ಟಿದ್ದಲ್ಲ. ಸಿಯಾಟಲ್ ನಗರಕ್ಕೆ ವಿದ್ಯುತ್ ಬೇಕಾಗಿ ಸ್ಕ್ಯಾಜಿಟ್ ನದಿಗೆ ಮೂರು ಅಣೆಕಟ್ಟು ಕಟ್ಟಿದರು. ಮೇಲಿನದ್ದು ರಾಸ್, ಅದರ ಕೆಳಗೆ ಡಯಾಬ್ಲೊ, ಇನ್ನೂ ಕೆಳಗೆ ಗಾರ್ಜ್. ಸಿಯಾಟಲ್‌ನ ವಿದ್ಯುತ್ ಸಂಸ್ಥೆಯನ್ನು ಬಹುಕಾಲ ನಡೆಸಿದ ಜೆ. ಡಿ. ರಾಸ್ ಹೆಸರನ್ನೇ ಮೇಲಿನ ಅಣೆಕಟ್ಟಿಗೆ ಇಟ್ಟರು. ಅವರು 1939ರಲ್ಲಿ ತೀರಿಕೊಂಡರು. ಅಣೆಕಟ್ಟು ಮುಗಿದದ್ದು 1949ರಲ್ಲಿ. ಎತ್ತರ 540 ಅಡಿ. ಅದರ ಹಿಂದೆ ನಿಂತ ನೀರು ಸುಮಾರು 23 ಮೈಲಿ ಉದ್ದಕ್ಕೆ ಚಾಚಿ, ಕೆನಡಾದ ಗಡಿಯನ್ನೂ ಸ್ವಲ್ಪ ದಾಟಿದೆ.

ದೋಣಿ ಉತ್ತರಕ್ಕೆ ತಿರುಗಿದ ಮೇಲೆ ಬಲಕ್ಕೆ ಜ್ಯಾಕ್ ಪರ್ವತ ಕಂಡಿತು. ಒಂಬತ್ತು ಸಾವಿರ ಅಡಿಗಿಂತ ಜಾಸ್ತಿ ಎತ್ತರ. ಬೇಸಿಗೆಯ ಕೊನೆಯಲ್ಲೂ ಅದರ ಮೈಮೇಲೆ ಹಿಮನದಿ ಇತ್ತು. ನೀರಿನಿಂದ ನೇರ ಎದ್ದು ನಿಂತ ಹಾಗಿರುವ ಬೆಟ್ಟವನ್ನು ದೋಣಿಯಲ್ಲಿ ಕೂತು ನೋಡುವುದೇ ಬೇರೆ. ಹೈವೇಯಲ್ಲಿ ಬರುವಾಗ ಬೆಟ್ಟಗಳು ಒಂದರ ಹಿಂದೊಂದು ಸರಿದು ಹೋಗಿದ್ದವು. ಇಲ್ಲಿ ಒಂದೇ ಬೆಟ್ಟ ಬಹಳ ಹೊತ್ತು ಜೊತೆಗೇ ಬಂತು.

ನಾವು ಆರಿಸಿಕೊಂಡಿದ್ದು ಪಶ್ಚಿಮ ದಡದ ಬಿಗ್ ಬೀವರ್ ಕ್ಯಾಂಪ್. ಅದೇ ಹೆಸರಿನ ಹೊಳೆ ಸರೋವರಕ್ಕೆ ಸೇರುವ ಜಾಗ. ದೋಣಿಯ ಹುಡುಗಿ ನಮ್ಮನ್ನು ಇಳಿಸಿ, ಕರೆದೊಯ್ಯಲು ಬರುವ ದಿನ ಮತ್ತು ಹೊತ್ತನ್ನು ಎರಡು ಸಲ ಹೇಳಿದಳು. ಫೋನಿಗೆ ಸಿಗ್ನಲ್ ಇಲ್ಲ. ಆ ಮಾತೇ ನಮ್ಮ ಟಿಕೆಟ್ಟು. ಮೋಟಾರಿನ ಸದ್ದು ದೂರವಾದ ಮೇಲೆ ಹೊಳೆಯ ಸದ್ದು ಕೇಳಿಸತೊಡಗಿತು.

ಕ್ಯಾಂಪಿನಲ್ಲಿ ಟೆಂಟಿಗೆ ಮಟ್ಟಸವಾದ ಜಾಗ, ಮೇಜು, ಬೆಂಕಿ ಹಾಕಲು ಕಬ್ಬಿಣದ ಬಳೆ, ಸ್ವಲ್ಪ ದೂರದಲ್ಲಿ ಗುಂಡಿ ಶೌಚಾಲಯ. ಎಲ್ಲಕ್ಕಿಂತ ಮುಖ್ಯ, ಆಹಾರ ಇಡುವ ಕಬ್ಬಿಣದ ಪೆಟ್ಟಿಗೆ. ಇಲ್ಲಿ ಕಪ್ಪು ಕರಡಿಗಳಿವೆ. ಅನ್ನದ ಪಾತ್ರೆಯಷ್ಟೇ ಅಲ್ಲ, ಟೂತ್‌ಪೇಸ್ಟ್, ಸೋಪು, ಸನ್‌ಸ್ಕ್ರೀನ್ ಎಲ್ಲವೂ ಪೆಟ್ಟಿಗೆಯೊಳಗೆ ಹೋಗಬೇಕು. ಒಂದು ಸಲ ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಬರುತ್ತದೆ. ಕೊನೆಗೆ ಜೀವ ಹೋಗುವುದು ಕರಡಿಯದ್ದೇ. ಇದನ್ನು ಹೇಳಿದ ಮೇಲೆ ಪ್ರತಿ ರಾತ್ರಿ ಪೆಟ್ಟಿಗೆಯ ಚಿಲಕ ಹಾಕುವ ಕೆಲಸವನ್ನು ಮಗಳೇ ವಹಿಸಿಕೊಂಡಳು.

ಗಾಳಿಯ ಬಗ್ಗೆ ರೇಂಜರ್ ಹೇಳಿದ್ದು ಎಷ್ಟು ನಿಜ ಅಂತ ಮೊದಲ ಮಧ್ಯಾಹ್ನವೇ ಗೊತ್ತಾಯಿತು. ಬೆಳಿಗ್ಗೆ ಒಂದೂ ಸುಕ್ಕಿಲ್ಲದ ನೀರು. ಬಿಸಿಲೇರಿದಂತೆ ಕಣಿವೆಯೊಳಗೆ ಗಾಳಿ ನುಗ್ಗಿತು. ಎರಡು ಕಡೆಯೂ ಬೆಟ್ಟ, ನಡುವೆ ಉದ್ದನೆಯ ನೀರು. ಗಾಳಿಗೆ ಬೇರೆ ದಾರಿಯಿಲ್ಲ. ನೋಡನೋಡುತ್ತಿದ್ದಂತೆ ಅಲೆಗಳ ತಲೆ ಬೆಳ್ಳಗಾಯಿತು. ಕಯಾಕ್‌ನಲ್ಲಿ ಬರುತ್ತಿದ್ದ ಇಬ್ಬರು ದಡಕ್ಕೆ ಅಂಟಿಕೊಂಡೇ ಹುಟ್ಟು ಹಾಕುತ್ತಾ ನಮ್ಮ ಜೆಟ್ಟಿಗೆ ಬಂದರು. ಸಂಜೆ ಗಾಳಿ ಇಳಿಯುವವರೆಗೆ ಇಲ್ಲೇ ಕೂತಿರಲಾ ಅಂತ ಕೇಳಿದರು. ಇಲ್ಲಿ ಹುಟ್ಟು ಹಾಕುವವರು ಬೆಳಗಿನ ಜಾವವೇ ಹೊರಡುವುದು ಒಳ್ಳೆಯದು. ತಣ್ಣನೆಯ ನೀರಿದು, ಮಗುಚಿಬಿದ್ದರೆ ಈಜು ಬರುತ್ತದೆ ಅನ್ನುವ ಧೈರ್ಯ ಸಾಕಾಗುವುದಿಲ್ಲ.

ದಡದಲ್ಲಿ ನೀರು ಸ್ವಲ್ಪ ಇಳಿದಿದ್ದ ಕಡೆ ಕೊರಡುಗಳು ಕಾಣುತ್ತಿದ್ದವು. ಅಣೆಕಟ್ಟು ತುಂಬುವ ಮುಂಚೆ ಕಡಿದ ಮರಗಳ ಬುಡಗಳು. ಮಲೆನಾಡಿನ ಹಿನ್ನೀರು ಬೇಸಿಗೆಯಲ್ಲಿ ಇಳಿದದ್ದನ್ನು ನೋಡಿದವರಿಗೆ ಈ ನೋಟ ಗೊತ್ತು. ಚಳಿಗಾಲ, ವಸಂತದಲ್ಲಿ ನೀರು ಇನ್ನೂ ಬಹಳ ಕೆಳಗೆ ಹೋಗುತ್ತದೆ. ಮುಳುಗಿದ್ದು ಕಾಡು ಮಾತ್ರವೂ ಅಲ್ಲ. ಉತ್ತರ ತುದಿಯ ಹೊಜೊಮೀನ್ ಸುತ್ತಮುತ್ತ ಮೂಲನಿವಾಸಿಗಳು ಆಯುಧಕ್ಕೆ ಬೇಕಾದ ಗಟ್ಟಿ ಕಲ್ಲನ್ನು ಎಂಟು ಸಾವಿರ ವರ್ಷಗಳ ಹಿಂದೆಯೇ ತೆಗೆಯುತ್ತಿದ್ದರು. ಅವರು ಓಡಾಡಿದ ಕಣಿವೆಯ ಮೇಲೆಯೇ ನಮ್ಮ ದೋಣಿ ಬಂದದ್ದು.

ಮರುದಿನ ಹೊಳೆಯ ಗುಂಟ ಮೇಲಕ್ಕೆ ನಡೆದೆವು. ಈ ಪ್ರವಾಸದಲ್ಲಿ ನನಗೆ ಬೇಕಾಗಿದ್ದದ್ದು ಈ ನಡಿಗೆಯೇ. ಕಾಲುದಾರಿ ಮೊದಲು ಸಾಧಾರಣ ಕಾಡಿನಲ್ಲಿ ಹೋಗುತ್ತದೆ. ಕೆಲವು ಮೈಲಿ ಕಳೆದ ಮೇಲೆ ಕೆಂಪು ಸೀಡರ್ ಮರಗಳು ಶುರುವಾಗುತ್ತವೆ. ನಾವೆಲ್ಲ ಕೈಹಿಡಿದು ನಿಂತರೂ ತಬ್ಬಲಾಗದ ಬುಡ. ನಾರುನಾರಾದ ತೊಗಟೆ. ನೂರಾರು ವರ್ಷ ಇಲ್ಲೇ ನಿಂತವು. ಕೆಳಗೆ ಜರಿಗಿಡ, ಪಾಚಿ, ಅಲ್ಲಲ್ಲಿ ಬೀವರ್ ಎಂಬ, ಮರ ಕಡಿಯುವ ಪ್ರಾಣಿಗಳು ಹೊಳೆಗೆ ಅಡ್ಡಕಟ್ಟಿ ಮಾಡಿದ ಕೊಳಗಳು.

ಈ ಕಣಿವೆಯ ಕೆಳಭಾಗವೂ ಮುಳುಗಬೇಕಿತ್ತು. ರಾಸ್ ಅಣೆಕಟ್ಟನ್ನು ಇನ್ನೂ ಸುಮಾರು 120 ಅಡಿ ಎತ್ತರಿಸುವ ಯೋಜನೆ ಇತ್ತು. ಡಯಾಬ್ಲೊ ಕಡೆಯಿಂದ ನೋಡಿದರೆ ಅಣೆಕಟ್ಟಿನ ಮೈತುಂಬ ಚೌಕ ಚೌಕ ಗುಳಿಗಳಿವೆ. ಮುಂದೆ ಹೊಸ ಕಾಂಕ್ರೀಟ್ ಕಚ್ಚಿಕೊಳ್ಳಲಿ ಅಂತ ಬಿಟ್ಟದ್ದು. ಎತ್ತರಿಸಿದ್ದರೆ ಕೆನಡಾದ ಸ್ಕ್ಯಾಜಿಟ್ ಕಣಿವೆಯ ಸಾವಿರಾರು ಎಕರೆಯೂ ನೀರಿನಡಿ ಹೋಗುತ್ತಿತ್ತು. ಗಡಿಯ ಎರಡೂ ಕಡೆಯ ಜನ ವರ್ಷಗಟ್ಟಲೆ ವಿರೋಧಿಸಿದರು. ಕೊನೆಗೆ 1984ರಲ್ಲಿ ಎರಡೂ ದೇಶಗಳ ನಡುವೆ ಒಪ್ಪಂದವಾಯಿತು. ಅಣೆಕಟ್ಟು ಏರುವುದಿಲ್ಲ. ಏರಿಸಿದ್ದರೆ ಸಿಗುತ್ತಿದ್ದ ವಿದ್ಯುತ್ತನ್ನು ಗಡಿಯಾಚೆಯ ಕೆನಡಾ ಪ್ರಾಂತ್ಯ ಬ್ರಿಟಿಷ್ ಕೊಲಂಬಿಯಾ ಸಿಯಾಟಲ್‌ಗೆ ಕೊಡುತ್ತದೆ. ಅವಧಿ 80 ವರ್ಷ.

ಮರದ ಬೇರಿನ ಮೇಲೆ ಕೂತು ಇದನ್ನೆಲ್ಲ ಹೇಳುತ್ತಿದ್ದಾಗ ಮಗಳು ಕೇಳಿದಳು, "ಅಪ್ಪಾ, ಎಂಬತ್ತು ವರ್ಷ ಆದ್ಮೇಲೆ?"

"ಅಷ್ಟೊತ್ತಿಗೆ ನೀನೇ ದೊಡ್ಡವಳಾಗಿರ್ತೀಯ. ಏನಾಗ್ಬೇಕು ಅಂತ ನೀವೇ ಹೇಳ್ಬೇಕು" ಅಂದಳು ನನ್ನ ಹೆಂಡತಿ. ಮಗಳು ಪೆನ್ಸಿಲ್ ಡಬ್ಬಿ ತೆಗೆದು ಮರದ ಬುಡ ಬಿಡಿಸಲು ಕೂತಳು. ಹಾಳೆಯಲ್ಲಿ ಬುಡ ಮಾತ್ರ ಹಿಡಿಸಿತು. ನಾವು ಅವಸರ ಮಾಡಲಿಲ್ಲ.

ವಾಪಸ್ ಬರುವ ದಿನ ದೋಣಿ ಹೇಳಿದ ಹೊತ್ತಿಗೆ ಬಂತು. ಕಸವನ್ನೆಲ್ಲ ಚೀಲ ಕಟ್ಟಿ ಜೊತೆಗೇ ಒಯ್ದೆವು. ಇಳಿದು ಬಂದ ಒಂದು ಮೈಲಿಯನ್ನು ಈಗ ಹತ್ತಬೇಕು. ಊಟದ ಸಾಮಾನು ಖಾಲಿಯಾಗಿದ್ದರೂ ಏರು ಏರೇ. ಅರ್ಧ ದಾರಿಯಲ್ಲಿ ಭಾರದ ಚೀಲ ಹೊತ್ತು ಇಳಿಯುತ್ತಿದ್ದ ಒಂದು ಕುಟುಂಬ ಸಿಕ್ಕಿತು. ಅವರಿಗೂ ಬಿಗ್ ಬೀವರ್‌ನಲ್ಲೇ ಜಾಗ ಸಿಕ್ಕಿತ್ತಂತೆ. ನೀರಿನ ಪಕ್ಕ ಸುಮ್ನೆ ಇದ್ದು ಬರುವ ಯೋಚನೆ ಅಂದರು. ಖಂಡಿತ ಇರಿ, ಆದರೆ ಒಂದು ಪೂರ್ತಿ ದಿನ ಕಾಡಿನ ದಾರಿಗೆ ಇಡಿ, ಸೀಡರ್ ಮರಗಳು ಸಿಗುವವರೆಗೂ ನಡೆಯಿರಿ ಅಂತ ಹೇಳಿದೆ. ಎಷ್ಟು ದೂರ ಅಂತ ಅವರ ಹುಡುಗ ಕೇಳಿದ. ಮಗಳು ಚೀಲದಿಂದ ತನ್ನ ಚಿತ್ರ ತೆಗೆದು ತೋರಿಸಿ, ಇಷ್ಟು ದಪ್ಪ ಮರ ಬರುವ ತನಕ ಅಂದಳು.