ಪಕ್ಕದ ಹಡಿಲು ಗದ್ದೆ

"ಯಾರಿಗೇನು ತೊಂದರೆ ತಂಗಿ?" ನಮ್ಮ ಪಕ್ಕದ ಹಡಿಲು ಗದ್ದೆಯ, ಅಂದರೆ ಬೇಸಾಯ ಇಲ್ಲದೆ ಪಾಳು ಬಿದ್ದ ಗದ್ದೆಯ, ಯಜಮಾನರು ಮುಂಬೈಯಿಂದ ಫೋನಿನಲ್ಲಿ ಹೇಳಿದ ಈ ಮಾತು ವಾರವಿಡೀ ಕಿವಿಯಲ್ಲೇ ಉಳಿದಿದೆ.

ನಮ್ಮದು ಬ್ರಹ್ಮಾವರದ ಹತ್ತಿರ ಬೈಲು ಗದ್ದೆ. ಏಣೆಲಿಗೆ, ಅಂದರೆ ಮಳೆಗಾಲದ ಬೆಳೆಗೆ, ಎಂಒ-4 ಅನ್ನುವ ಕೆಂಪಕ್ಕಿಯ ತಳಿ ಹಾಕಿದ್ದೆವು. ಕೊಯ್ಲು ಮುಗಿಸಿ ಸೋಮವಾರ ಸ್ವಲ್ಪ ಭತ್ತ ಹಿಡಿದುಕೊಂಡು ಮಿಲ್ಲಿಗೆ ಹೋದೆ. ಮಿಲ್ಲಿನವರು ಒಂದು ಹಿಡಿ ಸುಲಿದು ಅಂಗೈಯಲ್ಲಿ ಹರಡಿದರು. ಕೆಂಪಕ್ಕಿಯ ನಡುವೆ ಕಪ್ಪು ಚುಕ್ಕೆಯ ಕಾಳುಗಳು. ಒತ್ತಿದರೆ ಎರಡು ತುಂಡು. "ತಿಗಣೆ ಕುಡಿದದ್ದು ಅಕ್ಕ. ಕುಚ್ಚಲು ಮಾಡಿದ್ರೂ ಚುಕ್ಕೆ ಹೋಗುದಿಲ್ಲ, ನುಚ್ಚು ಜಾಸ್ತಿ ಆಗ್ತದೆ" ಅಂದು ರೇಟು ಇಳಿಸಿದರು. ಅವರ ಮೇಲೆ ಸಿಟ್ಟಿಲ್ಲ. ತೂಕದಲ್ಲಿ ಮೋಸ ಮಾಡಿದವರಲ್ಲ.

ಈ ತಿಗಣೆ ಹಾಸಿಗೆಯದ್ದಲ್ಲ, ಭತ್ತದ ತೆನೆಯ ರಸ ಹೀರುವ ಹುಳ. ಅದು ಬಂದದ್ದು ನಮಗೂ ಗೊತ್ತಿತ್ತು. ಕಾಳಿಗೆ ಹಾಲು ತುಂಬುವ ಹೊತ್ತಿಗೆ ಸರಿಯಾಗಿ ಬರುತ್ತದೆ. ಸಪೂರ ಮೈ, ಉದ್ದ ಕಾಲು, ಮುಟ್ಟಿದರೆ ಗಬ್ಬು ನಾತ. ಪೂರ್ತಿ ಹಾಲು ಹೀರಿದರೆ ಕಾಳು ಜೊಳ್ಳು. ಅರ್ಧ ಹೀರಿದರೆ ಕಾಳು ಹೊರಗಿನಿಂದ ತುಂಬಿದ ಹಾಗೇ ಕಾಣುತ್ತದೆ, ಒಳಗೆ ಚುಚ್ಚಿದ ಜಾಗ ಬೂಷ್ಟು ಹಿಡಿದು ಕಪ್ಪಾಗುತ್ತದೆ. ಈ ಎರಡನೆಯದ್ದೇ ಕೆಟ್ಟದ್ದು. ಜೊಳ್ಳಾದರೆ ಗಾಳಿಗೆ ತೂರುವಾಗ ಹಾರಿಹೋಗುತ್ತದೆ. ಇದು ಊಟದ ಬಟ್ಟಲಿನವರೆಗೂ ಬರುತ್ತದೆ.

ಮಾವ ಸುಮ್ಮನೆ ಕೂತಿರಲಿಲ್ಲ. ನಮ್ಮ ಅಂಚಿನ ಹುಲ್ಲನ್ನು ತೆನೆ ಬರುವ ಮೊದಲೇ ಸವರಿದ್ದರು. ಕೊಳೆತ ಏಡಿಯನ್ನು ಬಟ್ಟೆಯಲ್ಲಿ ಸುತ್ತಿ ಕೋಲಿಗೆ ಕಟ್ಟಿ ಅಲ್ಲಲ್ಲಿ ಊರಿದರು. ಆ ವಾಸನೆಗೆ ತಿಗಣೆ ಬಂದು ಮುತ್ತುತ್ತದೆ. ಬಿಸಿಲೇರಿದರೆ ಬುಡಕ್ಕೆ ಇಳಿದು ಅಡಗುವ ಹುಳ ಅದು. ಹಾಗಾಗಿ ಬೆಳಿಗ್ಗೆ ಬೇಗ ಎದ್ದು ಬಲೆಯಲ್ಲಿ ಹಿಡಿದು ಕೊಲ್ಲಬೇಕು. ಔಷಧಿ ಹೊಡೆಯಲಿಕ್ಕೆ ಮಾತ್ರ ಒಪ್ಪಲಿಲ್ಲ. ತಿಗಣೆಯನ್ನು ತಿನ್ನುವ ಜೇಡವೂ ಸಾಯುತ್ತದೆ ಅಂದರು. ಅವರ ಮಾತು ಸರಿ ಅಂತಲೇ ನನಗೆ ಈಗಲೂ ಅನಿಸುತ್ತದೆ. ಹೊಡೆದಿದ್ದರೂ ರೆಕ್ಕೆ ಇರುವ ಹುಳ ಪಕ್ಕಕ್ಕೆ ಹಾರಿ, ಔಷಧಿಯ ಬಲ ಇಳಿದ ಮೇಲೆ ವಾಪಸ್ ಬರುತ್ತಿತ್ತು.

ಪಕ್ಕಕ್ಕೆ ಅಂದರೆ ಹಡಿಲು ಗದ್ದೆಗೆ. ಅಲ್ಲಿ ಸೊಂಟದವರೆಗೆ ಹುಲ್ಲು. ಭತ್ತ ಇಲ್ಲದಾಗ ತಿಗಣೆ ಬದುಕುವುದೇ ಆ ಹುಲ್ಲಿನ ತೆನೆಯಲ್ಲಿ. ಮೊದಲು ಇಡೀ ಬೈಲಿಗೆ ಒಟ್ಟಿಗೆ ನೇಜಿ ನೆಡುತ್ತಿದ್ದರು, ಒಟ್ಟಿಗೆ ತೆನೆ ಬರುತ್ತಿತ್ತು. ಹುಳ ಬಂದರೂ ಎಲ್ಲರ ಗದ್ದೆಗೆ ಹಂಚಿಹೋಗುತ್ತಿತ್ತು. ಈಗ ಸುತ್ತ ಎಲ್ಲ ಹಡಿಲು, ನಡುವೆ ನಮ್ಮದೊಂದೇ ಬೆಳೆ. ಇನ್ನೆಲ್ಲಿಗೆ ಹೋಗಬೇಕು ಅವು?

ಅದಕ್ಕೇ ಮಿಲ್ಲಿನಿಂದ ಬಂದವಳೇ ಮುಂಬೈಗೆ ಫೋನ್ ಮಾಡಿದೆ. "ಅಣ್ಣ, ನಿಮ್ಮ ಗದ್ದೆಯ ಹುಲ್ಲು ನಾವೇ ಸವರ್ತೇವೆ, ಖರ್ಚೂ ನಮ್ಮದೇ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಬೇಡ ತಂಗಿ. ಅದು ಸುಮ್ನೆ ಬಿದ್ದಿರುದಲ್ವಾ. ಯಾರಿಗೇನು ತೊಂದರೆ?"

ಒಳ್ಳೆಯ ಮನುಷ್ಯ. ಅತ್ತೆ ಆಸ್ಪತ್ರೆಯಲ್ಲಿದ್ದಾಗ ಕೇಳದೆಯೇ ದುಡ್ಡು ಕಳಿಸಿದವರು. ನಾಗನಿಗೆ ತನು ಹಾಕಲಿಕ್ಕೆ, ಅಂದರೆ ಹಾಲೆರೆಯಲಿಕ್ಕೆ, ತಪ್ಪದೆ ಊರಿಗೆ ಬರುತ್ತಾರೆ. ಅವರ ಆ ಮೌನ ನನ್ನನ್ನು ಕಾಡುತ್ತಿದೆ. ನಮ್ಮ ಈ ಗದ್ದೆ ಒಂದು ಕಾಲದಲ್ಲಿ ಅವರ ಮನೆಯದ್ದೇ. ಮಾವನ ಅಪ್ಪ ಗೇಣಿ ಒಕ್ಕಲು. 1974ರಲ್ಲಿ ಉಳುವವನೇ ಒಡೆಯ ಅನ್ನುವ ಭೂಸುಧಾರಣೆಯ ಕಾನೂನು ಬಂದ ಮೇಲೆ ಡಿಕ್ಲರೇಶನ್, ಅಂದರೆ ಒಕ್ಕಲಿನ ಹಕ್ಕಿನ ಅರ್ಜಿ, ಕೊಟ್ಟು ನಮ್ಮದಾಯಿತು. ಆ ಕಾನೂನು ಇಲ್ಲದಿದ್ದರೆ ನಾವು ಇವತ್ತಿಗೂ ಗೇಣಿ ಅಳೆಯುತ್ತಿದ್ದೆವೋ ಏನೋ. ಅದು ನ್ಯಾಯವೇ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಆ ಮನೆಯಲ್ಲಿ ಕೂತು ನೋಡಿದರೆ? ಒಕ್ಕಲು ಕತ್ತಿ ಹಿಡಿದು ಗದ್ದೆಗೆ ಇಳಿದ, ಗದ್ದೆ ಹೋಯಿತು. ಅಪ್ಪನಿಂದ ಅಷ್ಟು ಕೇಳಿ ಬೆಳೆದ ಮಗನಿಗೆ ನನ್ನ ಫೋನ್ ಹೇಗೆ ಕೇಳಿಸಿರಬಹುದು?

ನಮ್ಮ ಕಡೆ ಎಷ್ಟೋ ಗದ್ದೆ ಹೀಗೇ ಹಡಿಲು ಬಿದ್ದಿವೆ. ಆಳು ಸಿಗುವುದಿಲ್ಲ, ಬೇಸಾಯದಲ್ಲಿ ಲಾಭ ಇಲ್ಲ ಅನ್ನುತ್ತೇವೆ. ಅದೂ ನಿಜ. ಜೊತೆಗೆ ಬೇರೆಯವರನ್ನು ಇಳಿಸಿದರೆ ಗದ್ದೆ ಹೋದೀತು ಅನ್ನುವ ಈ ಹೆದರಿಕೆಯೂ ಇದೆ. ಮಾತಾಡದೆ ಬಿಟ್ಟದ್ದಕ್ಕೆ ಅದು ಇಷ್ಟು ವರ್ಷ ಉಳಿದಿದೆ.

ಅಣ್ಣ ದೀಪಾವಳಿಗೆ ಬರುತ್ತಾರಂತೆ. ಗೇಣಿಗೆ ಕೇಳುವುದಿಲ್ಲ, ಹಕ್ಕು ಕೇಳುವುದಿಲ್ಲ ಅಂತ ಬೇಕಿದ್ದರೆ ಕಾಗದದಲ್ಲಿ ಬರೆದುಕೊಡಲು ಮಾವ ತಯಾರಿದ್ದಾರೆ. ಸುಗ್ಗಿ ಬೆಳೆಗೆ, ಅಂದರೆ ಏಣೆಲಿನ ನಂತರದ ಎರಡನೆಯ ಬೆಳೆಗೆ, ತೆನೆ ಬರುವ ಮೊದಲು ಆ ಹುಲ್ಲು ಸವರಲಿಕ್ಕೆ ಬಿಟ್ಟರೆ ನಮಗೆ ಸಾಕು.