ಅಟ್ಲಾಂಟಿಕ್ ದಾಟುವ ಹಡಗಿನ ಗಾಲಾ ಸಂಜೆಗಳಿಗೆ ಏನು ಉಡಬೇಕು, ಏನು ತೊಡಬೇಕು

ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿನಿಂದ ನ್ಯೂಯಾರ್ಕಿಗೆ ಕುನಾರ್ಡ್ ಸಂಸ್ಥೆಯ ಕ್ವೀನ್ ಮೇರಿ 2 ಹಡಗಿನಲ್ಲಿ ಹೋಗುವವರು ಸಾಮಾನ್ಯವಾಗಿ ಏಳು ರಾತ್ರಿಗಳನ್ನು ಸಮುದ್ರದ ಮೇಲೆ ಕಳೆಯುತ್ತಾರೆ. ನಡುವೆ ಇಳಿದು ಸುತ್ತಾಡಲು ಯಾವ ಊರೂ ಇಲ್ಲ. ಹೀಗಾಗಿ ಸಂಜೆಯ ಊಟ, ಸಂಗೀತ, ನೃತ್ಯಗಳೇ ದಿನದ ಮುಖ್ಯ ಕಾರ್ಯಕ್ರಮವಾಗುತ್ತವೆ, ಉಡುಪಿಗೆ ಅಲ್ಲಿ ಸಲ್ಲುವ ಮಹತ್ವವೂ ಬೇರೆ ಹಡಗುಗಳಿಗಿಂತ ಹೆಚ್ಚು. 1840ರಿಂದ ಈ ಸಾಗರವನ್ನು ದಾಟಿಸುತ್ತಿರುವ ಕುನಾರ್ಡ್, ಹಳೆಯ ಕಾಲದ ಈ ಶಿಷ್ಟಾಚಾರವನ್ನು ತನ್ನ ಗುರುತೆಂದೇ ಉಳಿಸಿಕೊಂಡಿದೆ. ಇಂಗ್ಲೆಂಡಿನಲ್ಲಿ ನೆಲೆಸಿರುವ ನಾವು ಮೈಸೂರಿನಿಂದ ಬಂದಿದ್ದ ಅತ್ತೆಮಾವಂದಿರನ್ನು ಕರೆದುಕೊಂಡು ನ್ಯೂಜೆರ್ಸಿಯಲ್ಲಿರುವ ಮೈದುನನ ಮನೆಗೆ ಈ ಹಡಗಿನಲ್ಲೇ ಹೋದೆವು. ಹೊರಡುವ ಮುಂಚೆ ಪರಿಚಿತರು ಕೊಟ್ಟ ಸಲಹೆಗಳಲ್ಲಿ ಮುಕ್ಕಾಲು ಪಾಲು ಗಂಡಸರು ಡಿನ್ನರ್ ಜಾಕೆಟ್ (ಔಪಚಾರಿಕ ಸಂಜೆಗಳಿಗೆ ತೊಡುವ ಕಪ್ಪು ಕೋಟು) ಕೊಳ್ಳಲೇಬೇಕು, ಹೆಂಗಸರು ಉದ್ದನೆಯ ಗೌನು ಹೊಲಿಸಲೇಬೇಕು ಎಂಬ ಧಾಟಿಯವು. ಇವೆರಡೂ ಅನಗತ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮ ಬೀರುವಿನಲ್ಲಿ ಈಗಾಗಲೇ ಇರುವ ರೇಷ್ಮೆ ಸೀರೆ, ಕ್ಲೋಸ್ ಕಾಲರ್ ಕೋಟು, ಜರಿ ಪಂಚೆಗಳು ಆ ಸಂಜೆಗಳಿಗೆ ಪೂರ್ತಿ ಸಲ್ಲುತ್ತವೆ. ಯೋಚಿಸಬೇಕಾದದ್ದು ಅವುಗಳನ್ನು ಸಾಗಿಸುವ, ಇಸ್ತ್ರಿ ಮಾಡುವ ಮತ್ತು ತೂಗಾಡುವ ಹಡಗಿನಲ್ಲಿ ಉಟ್ಟು ನಡೆಯುವ ಬಗೆಯನ್ನು.

ಮೊದಲು ನಿಯಮವನ್ನು ಹೇಳಿಬಿಡುತ್ತೇನೆ. ಹಗಲಿನಲ್ಲಿ ಯಾರು ಏನು ತೊಟ್ಟರೂ ಕೇಳುವವರಿಲ್ಲ. ಸಂಜೆ ಆರರ ನಂತರ ಎರಡು ಬಗೆಯ ಸಂಜೆಗಳಿವೆ. ಹೆಚ್ಚಿನವು ಅಚ್ಚುಕಟ್ಟಾದ ಉಡುಪಿನ ಸಾಧಾರಣ ಸಂಜೆಗಳು. ಚಡ್ಡಿ, ಹರಿದ ಜೀನ್ಸ್, ತೋಳಿಲ್ಲದ ಬನಿಯನ್ನಿನಂಥವು ಬಿಟ್ಟರೆ ಒಳ್ಳೆಯ ಚೂಡಿದಾರ, ಕುರ್ತಾ, ಕಾಲರ್ ಇರುವ ಅಂಗಿ, ಪ್ಯಾಂಟು ಎಲ್ಲವೂ ನಡೆಯುತ್ತವೆ. ಏಳು ರಾತ್ರಿಗಳ ಪ್ರಯಾಣದಲ್ಲಿ ಸಾಮಾನ್ಯವಾಗಿ ಎರಡು ಮಾತ್ರ ಗಾಲಾ, ಅಂದರೆ ಔಪಚಾರಿಕ ಉಡುಪಿನ ವಿಶೇಷ ಸಂಜೆಗಳಾಗಿರುತ್ತವೆ. ಗಂಡಸರಿಗೆ ಡಿನ್ನರ್ ಜಾಕೆಟ್ ಅಥವಾ ಕಪ್ಪು, ಕಡುನೀಲಿಯಂಥ ಗಾಢ ಬಣ್ಣದ ಸೂಟಿನೊಂದಿಗೆ ಬೋ ಅಥವಾ ಟೈ, ಹೆಂಗಸರಿಗೆ ಸಂಜೆಯ ಗೌನು ಅಥವಾ ಅದಕ್ಕೆ ಸಮನಾದ ಉಡುಪು ಎಂದು ನಿಯಮ ಹೇಳುತ್ತದೆ. ತಂತಮ್ಮ ದೇಶದ ಸಾಂಪ್ರದಾಯಿಕ ಉಡುಪಿಗೂ ಅದರಲ್ಲಿ ಸಮಾನ ಸ್ಥಾನವಿದೆ. ಸ್ಕಾಟ್ಲೆಂಡಿನವರು ಕಿಲ್ಟ್ ಎಂಬ ಮಡಿಕೆಯ ಗಿಡ್ಡ ಲಂಗ ತೊಟ್ಟು ಬರುವುದು ಇದೇ ಆಧಾರದ ಮೇಲೆ. ನಮ್ಮವರಿಗೆ ಅಳತೆಗೋಲು ಬೇಕಿದ್ದರೆ, ಹತ್ತಿರದ ನೆಂಟರ ಮದುವೆಯ ಆರತಕ್ಷತೆಗೆ ಏನು ಉಡುತ್ತೀರೋ ಅದನ್ನೇ ಉಡಿ ಎನ್ನುತ್ತೇನೆ. ಧಾರೆಗೆ ಕುಳಿತುಕೊಳ್ಳುವ ಮದುವಣಗಿತ್ತಿಯಷ್ಟು ಬೇಡ.

ಗಾಲಾ ಸಂಜೆಗಳಿಗೆ ಹೆಚ್ಚಾಗಿ ಒಂದೊಂದು ವಿಷಯವೂ ಇರುತ್ತದೆ. ಕಪ್ಪು ಬಿಳುಪು, ಮುಖವಾಡ, ಕೆಂಪು ಮತ್ತು ಹೊನ್ನಿನ ಬಣ್ಣ ಇವು ಪದೇಪದೇ ಬರುವಂಥವು. ಆದರೆ ವಿಷಯಕ್ಕೆ ಹೊಂದಿಕೊಳ್ಳುವುದು ಐಚ್ಛಿಕ. ಹಸಿರು ಸೀರೆ ಉಟ್ಟು ಕಪ್ಪು ಬಿಳುಪಿನ ಸಂಜೆಗೆ ಹೋದರೂ ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ. ಇದನ್ನು ಒತ್ತಿ ಹೇಳಲು ಕಾರಣವುಂಟು: ನಮ್ಮ ಅನೇಕ ಮನೆಗಳ ಹಿರಿಯ ಮುತ್ತೈದೆಯರು ಕಪ್ಪು ಸೀರೆ ಉಡಲು ಒಪ್ಪುವುದಿಲ್ಲ. ಉತ್ತರ ಕರ್ನಾಟಕದವರಿಗೆ ಚಂದ್ರಕಾಳಿ ಎಂಬ ಕಪ್ಪು ಸೀರೆಯಿಂದಾಗಿ ಆ ಬಣ್ಣದ ಬಗ್ಗೆ ಅಷ್ಟು ಅಳುಕಿಲ್ಲ. ಹಳೇ ಮೈಸೂರಿನ ಕಡೆಯ ನಮ್ಮ ಅತ್ತೆಯವರು ಮಾತ್ರ ಮೊದಲೇ ಖಡಾಖಂಡಿತವಾಗಿ ಬೇಡವೆಂದರು. ಕೆನೆಬಣ್ಣದ ಒಡಲಿಗೆ ಸಣ್ಣ ಜರಿ ಅಂಚಿದ್ದ ಮೈಸೂರು ರೇಷ್ಮೆಯನ್ನು ಅವರು ಉಟ್ಟರು. ಬಿಳುಪಿನ ಪಾಲು ಅದರಿಂದಲೇ ಸಂದಿತು.

ಸೀರೆಗಳ ಪೈಕಿ ಯಾವುದನ್ನು ಒಯ್ಯಬೇಕೆಂಬ ಪ್ರಶ್ನೆಗೆ ನನ್ನ ಉತ್ತರ ಮೈಸೂರು ರೇಷ್ಮೆ. ಊರಿನ ಅಭಿಮಾನವೂ ಇದೆಯೆನ್ನಿ, ಆದರೆ ಕಾರಣ ಅದೊಂದೇ ಅಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಆರಂಭವಾದ ಮೈಸೂರಿನ ಕಾರ್ಖಾನೆಯಲ್ಲಿ ಇಂದಿಗೂ ನೇಯುವ ಕ್ರೇಪ್ ರೇಷ್ಮೆ ತೆಳುವಾಗಿ ಮೈಗೆ ಅಂಟಿದಂತೆ ಇಳಿಬೀಳುತ್ತದೆ, ಪೆಟ್ಟಿಗೆಯಲ್ಲಿ ಕಡಿಮೆ ಜಾಗ ಹಿಡಿಯುತ್ತದೆ, ಮಡಿಕೆಯ ಗುರುತು ರಾತ್ರಿಯಿಡೀ ತೂಗುಹಾಕಿದರೆ ಬಹುಮಟ್ಟಿಗೆ ಹೋಗಿಬಿಡುತ್ತದೆ. ಕಾಂಚೀಪುರದ ದೊಡ್ಡ ಅಂಚಿನ ಸೀರೆ ಎಷ್ಟೇ ಚಂದವಿದ್ದರೂ ಭಾರ. ಅದರ ನೆರಿಗೆಗಳು ಮೆಟ್ಟಿಲು ಇಳಿಯುವಾಗ ಮುಂದಕ್ಕೆ ಚಾಚಿಕೊಳ್ಳುತ್ತವೆ, ಹಡಗು ಒಂದಿಷ್ಟು ವಾಲಿದರೂ ಕಾಲಿಗೆ ತೊಡರುತ್ತವೆ. ಇಳಕಲ್ ಸೀರೆ ಸಾಧಾರಣ ಸಂಜೆಗೆ ಬಹಳ ಒಪ್ಪುತ್ತದೆ, ಆದರೆ ಹತ್ತಿಯ ಪಾಲು ಹೆಚ್ಚಿದ್ದರೆ ಇಸ್ತ್ರಿಯ ಕೆಲಸ ಬಿಡುವುದಿಲ್ಲ. ಜರಿಯ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಅಸಲಿ ಜರಿಯಲ್ಲಿ ಬೆಳ್ಳಿಯದೇ ಹೆಚ್ಚಿನ ಪಾಲು. ಸೆಂಟಿಗೂ ತೇವದ ಉಪ್ಪುಗಾಳಿಗೂ ಅದು ಕಪ್ಪಿಡುತ್ತದೆ. ಸೆಂಟು ಬಳಸುವವರು ಸೀರೆ ಉಡುವ ಮುಂಚೆಯೇ ಬಳಸಿ ಒಣಗಲು ಬಿಡುವುದು, ಫೋಟೋಕ್ಕೆಂದು ತೆರೆದ ಡೆಕ್ಕಿಗೆ ಹೋದರೆ ಬೇಗ ಒಳಗೆ ಬರುವುದು, ರಾತ್ರಿ ಬಿಚ್ಚಿದ ಮೇಲೆ ಗಾಳಿಯಾಡಲು ಬಿಟ್ಟು ಮರುದಿನ ಮಲ್ ಬಟ್ಟೆಯಲ್ಲಿ ಸುತ್ತಿಡುವುದು ಒಳ್ಳೆಯದು.

ಡೆಕ್ಕಿನ ಗಾಳಿಯ ಬಗ್ಗೆ ಇನ್ನೂ ಒಂದು ಮಾತು. ಏಳನೆಯ ಡೆಕ್ಕಿನ ಸುತ್ತ ನಡೆದಾಡುವ ಹಾದಿಯಿದೆ, ಬೇಸಿಗೆಯಲ್ಲೂ ಅಲ್ಲಿ ಉತ್ತರ ಅಟ್ಲಾಂಟಿಕ್ ಗಾಳಿ ಸೆರಗನ್ನು ಕಿತ್ತುಕೊಂಡು ಹೋಗುವಂತೆ ಬೀಸುತ್ತದೆ. ಭುಜದ ಮೇಲೆ ಒಂದು, ಸೊಂಟದ ಬಳಿ ಒಂದು, ನೆರಿಗೆಗೆ ಒಂದು ಹೀಗೆ ಪಿನ್ನುಗಳನ್ನು ಹಾಕಿಕೊಳ್ಳದೆ ಹೊರಗೆ ಕಾಲಿಡಬಾರದು. ಬಿಡುಸೆರಗಿನ ಶೋಕಿಯನ್ನು ಒಳಗಿನ ಮೆಟ್ಟಿಲಿನ ಫೋಟೋಕ್ಕೆ ಇಟ್ಟುಕೊಳ್ಳುವುದು ಸರಿ. ಪಿನ್ನುಗಳನ್ನು ಬೇಕಾದಷ್ಟು ಒಯ್ಯಬೇಕು. ಒಳಗಡೆಯೂ ಚಳಿಯಿರುತ್ತದೆ, ಏಕೆಂದರೆ ಊಟದ ಹಾಲ್ ಮತ್ತು ನಾಟಕಶಾಲೆಗಳಲ್ಲಿ ಹವಾನಿಯಂತ್ರಣ ಜೋರು. ಕೈಗೊಂದು ತೆಳು ಪಶ್ಮಿನಾ ಶಾಲು ಇದ್ದರೆ ರೇಷ್ಮೆಯ ಅಂದ ಕೆಡದೆ ಬೆಚ್ಚಗಿರಬಹುದು. ಸ್ವೆಟರನ್ನು ಸೀರೆಯ ಮೇಲೆ ಹಾಕಿಕೊಳ್ಳುವುದಕ್ಕಿಂತ ಉದ್ದ ತೋಳಿನ ರವಿಕೆ ಹೊಲಿಸಿಕೊಳ್ಳುವುದು ಮೇಲು.

ಪಾದರಕ್ಷೆಯನ್ನು ಆರಿಸಿದ ಮೇಲೆಯೇ ಸೀರೆಯ ಎತ್ತರ ನಿರ್ಧರಿಸಬೇಕು. ಸಮುದ್ರ ಶಾಂತವಾಗಿದ್ದರೆ ಅಗಲ ಹಿಮ್ಮಡಿಯದು, ಅಲೆ ಹೆಚ್ಚಿದ್ದರೆ ಚಪ್ಪಟೆಯದು. ಮೊನಚು ಹಿಮ್ಮಡಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ಕ್ವೀನ್ಸ್ ರೂಮ್ ಎಂಬ ದೊಡ್ಡ ನೃತ್ಯಶಾಲೆಯಲ್ಲಿ ವಾಲ್ಟ್ಸ್ ಕಲಿಸುವವರಿದ್ದಾರೆ, ಜೊತೆಗಾರರಿಲ್ಲದ ಹೆಂಗಸರೊಂದಿಗೆ ನೃತ್ಯ ಮಾಡಲೆಂದೇ ನೇಮಿಸಿದ ಗಂಡಸರೂ ಇದ್ದಾರೆ. ಕುಣಿಯುವ ಮನಸ್ಸಿದ್ದರೆ ಸೆರಗನ್ನು ಹಿಂದಿನಿಂದ ತಂದು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು, ಇಲ್ಲವಾದರೆ ಪಕ್ಕದವರ ಕಾಲಿನಡಿ ಅದು ಸಿಕ್ಕೇ ಸಿಗುತ್ತದೆ.

ಗಂಡಸರ ಉಡುಪಿನಲ್ಲಿ ಖರ್ಚು ಉಳಿಸುವ ಅವಕಾಶ ಹೆಚ್ಚು. ಬ್ರಿಟನ್ನಿನಲ್ಲಿ ಡಿನ್ನರ್ ಸೂಟು ಬಾಡಿಗೆಗೆ ಸಿಗುತ್ತದೆ, ಆದರೆ ಒಮ್ಮುಖ ಪ್ರಯಾಣದವರು ನ್ಯೂಯಾರ್ಕಿನಲ್ಲಿ ಇಳಿದ ಮೇಲೆ ಅದನ್ನು ಹಿಂತಿರುಗಿಸುವುದು ಹೇಗೆ? ಕಪ್ಪು ಅಥವಾ ಕಡುನೀಲಿ ಬಂದ್‌ಗಲಾ ಒಂದಿದ್ದರೆ ಎರಡೂ ಗಾಲಾ ಸಂಜೆಗಳಿಗೆ ಸಾಕು. ಅದಕ್ಕೆ ಟೈ, ಬೋಗಳ ಗೊಡವೆಯಿಲ್ಲ, ನ್ಯೂಜೆರ್ಸಿಯ ಗೃಹಪ್ರವೇಶಕ್ಕೂ ಅದೇ ಆಗುತ್ತದೆ. ನನ್ನ ಪತಿ ಅದನ್ನೇ ತೊಟ್ಟರು. ಮಾವನವರಾದರೋ ಹಳೇ ಮೈಸೂರಿನ ಕಚೇರಿಗಳಲ್ಲಿ, ಶಾಲೆಗಳಲ್ಲಿ ಒಂದು ಕಾಲಕ್ಕೆ ದಿನನಿತ್ಯ ಕಾಣುತ್ತಿದ್ದ ಉಡುಪಿನಲ್ಲಿ ಬಂದರು: ಬಿಳಿಯ ಕಚ್ಚೆಪಂಚೆ, ಕಪ್ಪು ಕ್ಲೋಸ್ ಕಾಲರ್ ಕೋಟು, ಹೆಗಲ ಮೇಲೆ ಜರಿ ಶಲ್ಯ, ತಲೆಗೆ ಮೈಸೂರು ಪೇಟ. ಕಪ್ಪು ಬಿಳುಪಿನ ಸಂಜೆಗೆ ಅದಕ್ಕಿಂತ ಹೊಂದುವ ಉಡುಪನ್ನು ಆ ಹಾಲಿನಲ್ಲಿ ನಾನು ಕಾಣಲಿಲ್ಲ ಎಂದರೆ ಸೊಸೆಯ ಪಕ್ಷಪಾತ ಎಂದುಕೊಳ್ಳಬಹುದು. ಇಲ್ಲೂ ಕೆಲವು ಸೂಕ್ಷ್ಮಗಳಿವೆ. ಅಡ್ಡಪಂಚೆ ಸಡಿಲವಾಗುವ ಭಯವಿರುವುದರಿಂದ ಹಡಗಿನ ಮೆಟ್ಟಿಲುಗಳಿಗೆ ಕಚ್ಚೆಯೇ ಭದ್ರ. ಕಚ್ಚೆ ಹಾಕಲು ಬಾರದವರು ಸೊಂಟಕ್ಕೆ ಬೆಲ್ಟ್ ಬಿಗಿದುಕೊಳ್ಳಬೇಕು ಅಥವಾ ವೆಲ್ಕ್ರೋ ಇರುವ ರೆಡಿಮೇಡ್ ಪಂಚೆ ತರಬೇಕು. ಕಾಲಿಗೆ ಮೆರುಗಿನ ಕಪ್ಪು ಶೂ ಇರಲಿ, ಕ್ಯಾನ್ವಾಸ್ ಶೂ ಮತ್ತು ರಬ್ಬರ್ ಚಪ್ಪಲಿ ಬೇಡ. ಪೇಟವನ್ನು ಡಬ್ಬದಲ್ಲಿಟ್ಟು ಕೈಚೀಲದಲ್ಲೇ ಒಯ್ಯಬೇಕು, ದೊಡ್ಡ ಪೆಟ್ಟಿಗೆಗೆ ಹಾಕಿದರೆ ಅದರ ಆಕಾರ ಉಳಿಯುವುದಿಲ್ಲ.

ಹೆಣ್ಣುಮಕ್ಕಳಿಗೆ ಜರಿಲಂಗ, ಗಂಡುಮಕ್ಕಳಿಗೆ ಕುರ್ತಾ ಪೈಜಾಮ ಸಾಕು.

ಒಡವೆಗಳ ವಿಷಯದಲ್ಲಿ ನಾನು ಜಿಪುಣತನವನ್ನೇ ಶಿಫಾರಸು ಮಾಡುತ್ತೇನೆ. ಕೋಣೆಯಲ್ಲಿ ಸಣ್ಣ ತಿಜೋರಿ ಇರುತ್ತದೆ, ಆದರೂ ಮೈಮೇಲಿನ ಮಾಂಗಲ್ಯ, ಬಳೆ, ಓಲೆ ಬಿಟ್ಟು ಉಳಿದದ್ದಕ್ಕೆ ಒನ್ ಗ್ರಾಂ ಗೋಲ್ಡ್ ಧಾರಾಳವಾಗಿ ಸಾಕು. ಭಾರತದಿಂದಲೇ ಹೆಚ್ಚಿನ ಚಿನ್ನ ತರುವ ಹಿರಿಯರು, ಹೊರಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳಿಂದ ರಫ್ತು ಪ್ರಮಾಣಪತ್ರ ಮಾಡಿಸಿಕೊಂಡಿದ್ದರೆ ಮರಳುವಾಗ ಸುಂಕದ ತಕರಾರು ಬರುವುದಿಲ್ಲ. ಮಲ್ಲಿಗೆ ಹಡಗಿನಲ್ಲಿ ಸಿಗುವ ಆಸೆ ಬೇಡ. ಕೃತಕ ದಿಂಡು ಒಯ್ದರೆ ಅಮೆರಿಕದಲ್ಲಿ ಇಳಿಯುವಾಗ ಹೂವು, ಸಸ್ಯಗಳ ಬಗ್ಗೆ ಕೇಳುವ ಪ್ರಶ್ನೆಯೂ ತಪ್ಪುತ್ತದೆ. ಮುಖವಾಡದ ಸಂಜೆಗೆ ಮುಖವಾಡ ಬೇಕೆನ್ನುವವರು ಅದನ್ನು ಮನೆಯಿಂದಲೇ ತರಬೇಕು. ಕನ್ನಡಕದವರು ಕಿವಿಗೆ ಕಟ್ಟುವ ಮುಖವಾಡದ ಬದಲು ಕೋಲು ಹಿಡಿದು ಮುಖದ ಮುಂದೆ ತರುವಂಥದ್ದನ್ನು ಆರಿಸಿಕೊಳ್ಳುವುದು ಲೇಸು.

ಇಸ್ತ್ರಿಯ ಕಥೆ ಸ್ವಲ್ಪ ದೊಡ್ಡದು. ಬೆಂಕಿಯ ಭಯದಿಂದ ಕೋಣೆಗಳಿಗೆ ಇಸ್ತ್ರಿಪೆಟ್ಟಿಗೆಯನ್ನಾಗಲಿ ಸ್ಟೀಮರನ್ನಾಗಲಿ ತರುವಂತಿಲ್ಲ. ಹತ್ತುವಾಗ ನಡೆಯುವ ತಪಾಸಣೆಯಲ್ಲಿ ಸಿಕ್ಕರೆ ತೆಗೆದಿಟ್ಟುಕೊಳ್ಳುತ್ತಾರೆ. ಪ್ರಯಾಣಿಕರೇ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಳ್ಳುವ ಕೋಣೆಗಳು ಹಡಗಿನಲ್ಲಿವೆ, ಅವಕ್ಕೆ ಶುಲ್ಕವಿಲ್ಲ. ಗಾಲಾ ದಿನದ ಮಧ್ಯಾಹ್ನ ಅಲ್ಲಿ ನಿಲ್ಲಲೂ ಜಾಗ ಸಿಗುವುದಿಲ್ಲ. ಬೆಳಗಿನ ತಿಂಡಿಯ ಹೊತ್ತಿನಲ್ಲೇ ಮುಗಿಸಿಬಿಡಬೇಕು. ಮಾವನವರ ಪಂಚೆಗಾಗಿ ನಾನು ಇಸ್ತ್ರಿಮೇಜಿನ ಮುಂದೆ ನಿಂತಿದ್ದಾಗ ಪಕ್ಕದಲ್ಲಿ ಕಿಲ್ಟಿನ ಮಡಿಕೆಗಳನ್ನು ಒಂದೊಂದಾಗಿ ಒತ್ತುತ್ತಿದ್ದ ಅಜ್ಜರೊಬ್ಬರು, ಇಷ್ಟುದ್ದದ ಬಟ್ಟೆ ಯಾರಿಗೆ ಎಂದು ವಿಚಾರಿಸಿ, ತಮ್ಮದೇ ವಾಸಿ ಎಂದು ಸಮಾಧಾನಪಟ್ಟುಕೊಂಡರು. ಬೆಂಗಳೂರು, ಮೈಸೂರುಗಳಲ್ಲಿ ಈಗ ಸೀರೆಯ ನೆರಿಗೆ, ಸೆರಗುಗಳನ್ನು ಮೊದಲೇ ಹಿಡಿದು ಇಸ್ತ್ರಿ ಮಾಡಿ ಬಾಕ್ಸ್ ಫೋಲ್ಡಿಂಗ್ ಮಾಡಿಕೊಡುವವರಿದ್ದಾರೆ. ಊರಿನಿಂದ ಬರುವವರು ಗಾಲಾ ಸೀರೆಗಳನ್ನು ಹಾಗೆ ಮಾಡಿಸಿ ತಂದರೆ ಇಸ್ತ್ರಿಯೂ ಉಳಿಯುತ್ತದೆ, ಉಡುವ ಹೊತ್ತೂ ಉಳಿಯುತ್ತದೆ. ಇದು ಕ್ಷುಲ್ಲಕ ಸಂಗತಿಯಲ್ಲ, ಏಕೆಂದರೆ ಕೋಣೆ ಎಷ್ಟು ಚಿಕ್ಕದೆಂದರೆ ಇಬ್ಬರು ಒಟ್ಟಿಗೆ ಸೀರೆ ಉಡಲಾಗದು, ಒಬ್ಬರು ಮಂಚದ ಮೇಲೆ ಕಾಲು ಮಡಚಿ ಕುಳಿತಿರಲೇಬೇಕು. ಬ್ರಿಟಾನಿಯಾ ಭೋಜನಶಾಲೆಯಲ್ಲಿ ಊಟದ ಮೊದಲ ಸರದಿ ಸಂಜೆ ಆರಕ್ಕೆ, ಎರಡನೆಯದು ಎಂಟೂವರೆಗೆ. ಸೀರೆ ಉಡುವವರು ಒಬ್ಬರಿಗಿಂತ ಹೆಚ್ಚಿದ್ದರೆ ಟಿಕೆಟ್ ಕಾದಿರಿಸುವಾಗಲೇ ಎರಡನೆಯ ಸರದಿ ಕೇಳಿಕೊಳ್ಳುವುದು ಜಾಣತನ. ಅಮೆರಿಕದತ್ತ ಹೋಗುವಾಗ ಐದು ರಾತ್ರಿ ಗಡಿಯಾರವನ್ನು ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸುವುದರಿಂದ, ತಡವಾಗಿ ಉಂಡರೂ ನಿದ್ದೆಗೆ ಕೊರತೆಯಾಗುವುದಿಲ್ಲ.

ಒಂದು ಸಂಜೆ ಸಿಂಗರಿಸಿಕೊಳ್ಳಲು ಬೇಸರವಾದರೆ, ಅಥವಾ ಅಲೆಗಳಿಂದ ತಲೆ ಸುತ್ತುತ್ತಿದ್ದರೆ, ಉಪವಾಸವಿರಬೇಕಾಗಿಲ್ಲ. ಕಿಂಗ್ಸ್ ಕೋರ್ಟ್ ಬಫೆಯಲ್ಲಿ, ಗೋಲ್ಡನ್ ಲಯನ್ ಪಬ್ಬಿನಲ್ಲಿ, ಕ್ಯಾರಿಂಥಿಯಾ ಲೌಂಜಿನಲ್ಲಿ ಗಾಲಾ ಉಡುಪಿಲ್ಲದವರಿಗೂ ಪ್ರವೇಶವಿದೆ, ಕೋಣೆಗೂ ಊಟ ತರಿಸಬಹುದು. ಆದರೆ ನಿಯಮ ಇಷ್ಟವಿಲ್ಲವೆಂದು ಜೀನ್ಸ್ ತೊಟ್ಟು ಭೋಜನಶಾಲೆಯ ಬಾಗಿಲಲ್ಲಿ ವಾದಿಸುವುದು ನನಗೆ ಸರಿಕಾಣುವುದಿಲ್ಲ. ಅಂಥವರಿಗೆ ಬೇರೆ ಹಡಗುಗಳಿವೆ. ನಾರ್ವೇಜಿಯನ್ ಸಂಸ್ಥೆಯ ಹಡಗುಗಳಲ್ಲಿ ಔಪಚಾರಿಕ ಉಡುಪಿನ ಕಡ್ಡಾಯವೇ ಇಲ್ಲ. ಸೆಲೆಬ್ರಿಟಿ ಸಂಸ್ಥೆ ಹಳೆಯ ಫಾರ್ಮಲ್ ರಾತ್ರಿಗಳನ್ನು ಬಿಟ್ಟು ಸಡಿಲವಾದ ನಿಯಮ ತಂದಿದೆ. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಬಂದ ತಂದೆತಾಯಿಯರನ್ನು ಸಿಯಾಟಲ್‌ನಿಂದ ಪ್ರಿನ್ಸೆಸ್ ಹಡಗಿನಲ್ಲಿ ಅಲಾಸ್ಕಾಗೆ ಕರೆದೊಯ್ಯುವವರಿಗೆ ಫಾರ್ಮಲ್ ರಾತ್ರಿಗಳು ಎದುರಾಗುತ್ತವೆ, ಆದರೆ ಅಲ್ಲಿ ಪೆಟ್ಟಿಗೆಯ ತುಂಬ ಚಳಿಯ ಜಾಕೆಟ್ಟುಗಳೇ ಇರಬೇಕಾದ್ದರಿಂದ ತಲಾ ಒಂದು ರೇಷ್ಮೆ ಸೀರೆ ಸಾಕು, ರವಿಕೆಯನ್ನಷ್ಟೇ ಬದಲಿಸಿದರಾಯಿತು.

ಸಾಮಾನಿನ ತೂಕದ ಬಗ್ಗೆ ಹಡಗಿನವರು ಉದಾರಿಗಳು, ವಿಮಾನದವರು ಅಲ್ಲ. ಒಮ್ಮುಖವಾಗಿ ಹಡಗಿನಲ್ಲಿ ಹೋಗಿ ವಿಮಾನದಲ್ಲಿ ಮರಳುವವರು ವಿಮಾನದ ಮಿತಿಗೆ ತಕ್ಕಂತೆಯೇ ಕಟ್ಟಿಕೊಳ್ಳಬೇಕು. ಒಂದು ಪೆಟ್ಟಿಗೆಗೆ 23 ಕಿಲೋ ಎಂಬ ಲೆಕ್ಕದಲ್ಲಿ ತಲಾ ಎರಡು ರೇಷ್ಮೆ, ಒಂದು ಕೋಟು ನಿರಾಯಾಸವಾಗಿ ಹಿಡಿಯುತ್ತವೆ. ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳನ್ನು ಕೋಣೆಯ ಹೊರಗಿಟ್ಟರೆ ಸಿಬ್ಬಂದಿ ಒಯ್ಯುತ್ತಾರೆ, ಬ್ರೂಕ್ಲಿನ್ ದಕ್ಕೆಯಲ್ಲಿ ಇಳಿದ ಮೇಲೆ ಅವು ಮತ್ತೆ ಕೈಗೆ ಬರುತ್ತವೆ. ಆದ್ದರಿಂದ ಇಳಿಯುವ ಬೆಳಗ್ಗೆ ತೊಡುವ ಬಟ್ಟೆ, ಪಾಸ್‌ಪೋರ್ಟ್, ಔಷಧಿ, ಒಡವೆ ಮತ್ತು ಪೇಟದ ಡಬ್ಬವನ್ನು ಕೈಚೀಲದಲ್ಲಿ ಉಳಿಸಿಕೊಂಡು, ರೇಷ್ಮೆ ಸೀರೆಗಳನ್ನು ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲೆ ಇಡಬೇಕು; ಮೈದುನನ ಮನೆ ತಲುಪಿದ ಕೂಡಲೇ ಅವನ್ನು ತೆಗೆದು ನೆರಳಿನಲ್ಲಿ ಹರವಿದರೆ ಉಪ್ಪುಗಾಳಿಯ ತೇವ ಆರುತ್ತದೆ.